ಚಳಿಗೆ ಹಟ ಹಿಡಿದ ಮೋರಿಸ್

ಕಾಸಿಂ ಮೇಸ್ತ್ರಿಗೆ ಗಾಡಿಯ ದೋಷ ಸಿಕ್ಕಿತೆಂದರೆ ಅದು ಮಂಗಳೂರಿನ ಮಣ್ಣಗುಡ್ಡದ ಅರ್ಧ ಬೀದಿಗೆ ಗೊತ್ತಾಗುತ್ತಿತ್ತು. ಕೈಯಲ್ಲಿದ್ದ ಸ್ಪ್ಯಾನರ್ ಮೇಲೆತ್ತಿ "ಸಿಕ್ಕಿತು!" ಎಂದು ಅವರು ಹಾಕುವ ಬೊಬ್ಬೆಗೆ ಎದುರಿನ ದಿನಸಿ ಅಂಗಡಿಯವನು ತಕ್ಕಡಿ ಕೈಬಿಟ್ಟು ಓಡಿ ಬರುತ್ತಿದ್ದ. ಬೊಬ್ಬೆ ಹಾಕಿದ್ದು ಸಾಲದೆ, ಬಂದವರನ್ನೆಲ್ಲ ಬಾನೆಟ್ಟಿನ ಬಳಿಗೆ ಎಳೆದು, ದೋಷ ಹೇಗೆ ಹುಟ್ಟಿತು, ಎಲ್ಲಿ ಅಡಗಿ ಕೂತಿತ್ತು, ತಾನು ಅದನ್ನು ಹೇಗೆ ಹಿಡಿದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಯೇ ಬಿಡುತ್ತಿದ್ದರು. ಕೇಳುವವನಿಗೆ ಕಾರಿಗೆ ಎಷ್ಟು ಚಕ್ರ ಎಂದೂ ಗೊತ್ತಿರಬೇಕಾಗಿರಲಿಲ್ಲ. ಊರಿನ ಬೇರೆ ಮೇಸ್ತ್ರಿಗಳು ರಿಪೇರಿಯ ಗುಟ್ಟನ್ನು ಹೆಂಡತಿಗೂ ಹೇಳದೆ ಕಾಪಾಡುವವರು. ಇವರ ಹೊಟ್ಟೆಯಲ್ಲಿ ಗುಟ್ಟು ಒಂದು ಗಳಿಗೆ ನಿಂತರೆ ಹೆಚ್ಚು.

"ಇವರಿಗೆ ಬಾಯಿ ಕಟ್ಟಿದರೆ ಕೈ ಓಡುವುದಿಲ್ಲ," ಎಂದು ಹೆಂಡತಿ ರುಖಿಯಾ ನಗುತ್ತಿದ್ದಳು. ಅದು ನಿಜವೇ ಆಗಿತ್ತು.

ಮೇಸ್ತ್ರಿ ಕೆಲಸ ಕಲಿತದ್ದು ಕೊಲಂಬೊದಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಊರಿನ ಬ್ಯಾರಿಗಳ ಗುಂಪಿನ ಜೊತೆ ಹಡಗು ಹತ್ತಿ ಹೋದವರು, ಅಲ್ಲಿಯ ಒಂದು ಗ್ಯಾರೇಜಿನಲ್ಲಿ ಹತ್ತು ವರ್ಷ ಇದ್ದು, ಜಪಾನಿನವರು ಬಾಂಬು ಹಾಕಿದ ವರ್ಷ ಜೀವ ಕೈಯಲ್ಲಿ ಹಿಡಿದುಕೊಂಡು ಮಂಗಳೂರಿಗೆ ಮರಳಿದರು. ಬರುವಾಗ ತಂದದ್ದು ಎರಡೇ: ಒಂದು ಚೀಲ ಇಂಗ್ಲಿಷ್ ಸ್ಪ್ಯಾನರುಗಳು, ಮತ್ತು ಅಲ್ಲಿ ಕೆಲಸ ಕಲಿಸಿದ ಉಸ್ತಾದರ ಪಾಠ. ಉಸ್ತಾದರು ಹೇಳಿದ್ದೆಂದರೆ ಮೇಸ್ತ್ರಿಗೆ ಆಮೇಲೆ ಎರಡನೆಯ ಮಾತಿಲ್ಲ. ಇಂಜಿನ್ನಿಗೆ ಕಿವಿ ಕೊಡದೆ ಕೈ ಹಾಕಬಾರದು. ತೆಗೆದ ನಟ್ಟುಗಳನ್ನು ಸಾಲಾಗಿ ಇಡಬೇಕು. ತೆಳು ಎಣ್ಣೆ ಬೇಕಾದ ಕಡೆಗೆಲ್ಲ ತೆಂಗಿನೆಣ್ಣೆ ಹಾಕಬೇಕು, ಅದಕ್ಕಿಂತ ಶುದ್ಧವಾದದ್ದು ದೊರೆಗಳ ದೇಶದಲ್ಲೂ ಇಲ್ಲ. ಹಾಗಾಗಿ ಮೇಸ್ತ್ರಿಯ ಗ್ಯಾರೇಜಿನ ಗೂಟದಲ್ಲಿ ಒಂದು ಹಸಿರು ಬಾಟಲಿ ಸದಾ ನೇತಾಡುತ್ತಿತ್ತು. ಬಾಗಿಲ ತಿರುಗಣಿ, ಸೈಕಲ್ಲಿನ ಹಬ್, ಬೀಗ, ಗಡಿಯಾರ, ಕೊನೆಗೆ ಅವರ ಸ್ವಂತ ಗಡ್ಡ, ಎಲ್ಲದಕ್ಕೂ ಅದೇ ಬಾಟಲಿ.

ಅರವತ್ತಮೂರನೆಯ ಇಸವಿಯ ಜನವರಿಯಲ್ಲಿ ಒಂದು ಮಧ್ಯಾಹ್ನ ದೇರೆಬೈಲಿನ ಗುಣಪಾಲ ಶೆಟ್ಟರ ಮೋರಿಸ್ ಮೈನರ್ ಗ್ಯಾರೇಜಿನ ಮುಂದೆ ಬಂದು ನಿಂತಿತು. ಹನ್ನೊಂದು ವರ್ಷ ಹಳೆಯ ಕಾರು. ದೀಪಾವಳಿಗೆ ಮೊದಲು ಒಮ್ಮೆ ಪೂರ್ತಿ ಸರ್ವಿಸಿಗೆಂದು ಬಂದಿತ್ತು. ಶೆಟ್ಟರ ಗಾಡಿ ಇವರ ಕೈಗೆ ಬಂದದ್ದು ಅದೇ ಮೊದಲು. ಈಗ ಅದರಿಂದ ಇಳಿದವರು ಡ್ರೈವರ್ ಯೂಸ್ಟೇಸರು. ಐವತ್ತೆಂಟು ವರ್ಷ, ಇಸ್ತ್ರಿ ಹಾಕಿದ ಖಾಕಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ. ಶೆಟ್ಟರ ತಂದೆಯ ಕಾಲದಿಂದ ಆ ಮನೆಯ ಸ್ಟೀರಿಂಗ್ ಹಿಡಿದವರು. ಅವರು ಕೆಳಗಿಳಿದವರು ಬಾಗಿಲು ಹಾಕಲೂ ಮರೆತು ನಿಂತರು.

"ಎಂತ ಪೊರ್ಬುಗಳೇ, ಮುಖ ಹೀಗೆ ಸಣ್ಣ ಆಗಿದೆ?" ಎಂದರು ಮೇಸ್ತ್ರಿ. ಊರಿನವರು ಕ್ರಿಶ್ಚಿಯನ್ ಹಿರಿಯರನ್ನು ಕರೆಯುವುದೇ ಹಾಗೆ.

"ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಮೇಸ್ತ್ರಿ. ಮೂರು ವಾರ ಆಯ್ತು. ಒಮ್ಮೆ ಹಿಡಿಯುತ್ತದೆ, ಕೆಮ್ಮುತ್ತದೆ, ಸಾಯುತ್ತದೆ. ಮತ್ತೆ ಹಿಡಿಯುತ್ತದೆ, ಮತ್ತೆ ಸಾಯುತ್ತದೆ. ಆಮೇಲೆ ನಾಲ್ಕು ಜನ ಸೇರಿ ಇಳಿಜಾರಿಗೆ ದೂಡಬೇಕು."

"ಈಗ?"

ಯೂಸ್ಟೇಸರು ಸ್ಟಾರ್ಟರಿನ ಗುಂಡಿ ಎಳೆದರು. ಮೋರಿಸ್ ಒಂದೇ ಏಟಿಗೆ ಎದ್ದು, ಏನೂ ನಡೆದೇ ಇಲ್ಲ ಎನ್ನುವ ಹಾಗೆ ಗುರುಗುಟ್ಟಿತು.

"ನೋಡಿ, ಇದೇ!" ಎಂದರು ಯೂಸ್ಟೇಸರು. "ಬಿಸಿಲು ಬಂದ ಮೇಲೆ ಎಂತದೂ ಇಲ್ಲ. ಧಣಿ ಹೇಳ್ತಾರೆ, 'ಬೆಳಿಗ್ಗೆ ಆಗದ್ದು ಮಧ್ಯಾಹ್ನ ಆಗುವುದಾದರೆ ಅದು ಗಾಡಿಯ ತಪ್ಪಲ್ಲ, ನಿನ್ನ ಕೈಯ ತಪ್ಪು. ನಿನಗೆ ಪ್ರಾಯ ಆಯ್ತು' ಅಂತ. ಮುಂದಿನ ಸೋಮವಾರದಿಂದ ಹೊಸಬನೊಬ್ಬನನ್ನು ಬರ್ಲಿಕ್ಕೆ ಹೇಳಿದ್ದಾರೆ." ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. "ಹೌದಾ ಮೇಸ್ತ್ರಿ? ಕೈಗೆ ಪ್ರಾಯ ಆಗ್ತದಾ?"

ಶೆಟ್ಟರನ್ನು ಕೆಟ್ಟವರೆನ್ನುವ ಹಾಗಿಲ್ಲ. ಹಂಪನಕಟ್ಟೆಯಲ್ಲಿ ಹೋಟೆಲು, ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು, ಏಳಕ್ಕೆ ಗಲ್ಲಾದ ಮೇಲೆ ಕೂತಿರಬೇಕು. ಮೂರು ವಾರ ದಿನವೂ ಬೆಳಿಗ್ಗೆ ತಾನೇ ಪಂಚೆ ಎತ್ತಿ ಕಟ್ಟಿ ಕಾರು ದೂಡಿದ ಯಜಮಾನನಿಗೆ ಸಿಟ್ಟು ಬಾರದಿದ್ದರೆ ಅವನು ಸಂತನೇ ಆಗಿರಬೇಕು. ಆದರೂ ಇಪ್ಪತ್ತೆರಡು ವರ್ಷ ದುಡಿದ ಮನುಷ್ಯನನ್ನು ಚಳಿಗೆ ಕೆಮ್ಮುವ ಕಾರಿನ ಹೆಸರಿನಲ್ಲಿ ಮನೆಗೆ ಕಳಿಸುವುದೆಂದರೆ ಯಾವ ನ್ಯಾಯ? ಮೇಸ್ತ್ರಿಗೆ ಮೈ ಬಿಸಿಯಾಯಿತು. ಅರ್ಧ ಸಿಟ್ಟಿಗೆ, ಅರ್ಧ ಹುರುಪಿಗೆ. ಮಧ್ಯಾಹ್ನ ಸಂಭಾವಿತನಂತೆ ನಡೆದುಕೊಂಡು ಬೆಳಿಗ್ಗೆ ಮಾತ್ರ ಹಟ ಮಾಡುವ ಇಂಜಿನ್ನನ್ನು ಅವರು ಅದುವರೆಗೆ ಕಂಡಿರಲಿಲ್ಲ.

"ಕೈಯದ್ದಲ್ಲ ಪೊರ್ಬುಗಳೇ. ಇದನ್ನು ಹಿಡಿಯದಿದ್ದರೆ ನಾನು ನಾಳೆಯಿಂದ ಛತ್ರಿ ರಿಪೇರಿ ಮಾಡ್ತೇನೆ!"

ಆ ದಿನ ಪ್ಲಗ್ಗುಗಳನ್ನು ಉಜ್ಜಿದರು, ಪಾಯಿಂಟು ಸರಿ ಮಾಡಿದರು, ಎಣ್ಣೆ ಮುಟ್ಟಿಸಬೇಕಾದಲ್ಲಿ ಎಣ್ಣೆ ಮುಟ್ಟಿಸಿದರು. ಮರುದಿನ ಬೆಳಿಗ್ಗೆ ಮೋರಿಸ್ ಕೆಮ್ಮಿ ಸತ್ತಿತು. ಬ್ಯಾಟರಿ ಚಾರ್ಜು ಮಾಡಿಸಿದರು. ಮತ್ತೆ ಕೆಮ್ಮಿ ಸತ್ತಿತು. ತಮ್ಮಲ್ಲಿದ್ದ ಬೇರೆ ಕಾಯಿಲ್ ಹಾಕಿ ಕಳಿಸಿದರು. ಆ ಬೆಳಿಗ್ಗೆ ಕೆಮ್ಮಲೂ ಇಲ್ಲವೆಂದು ಯೂಸ್ಟೇಸರು ಬಂದು ವರದಿ ಕೊಟ್ಟರು. ಅಷ್ಟರಲ್ಲಿ ಶುಕ್ರವಾರವಾಗಿತ್ತು.

"ರೋಗ ಬರುವ ಹೊತ್ತಿಗೆ ನೋಡದೆ ರೋಗ ಗೊತ್ತಾಗುವುದಿಲ್ಲ," ಎಂದರು ಮೇಸ್ತ್ರಿ. "ನಾಳೆ ನಾನೇ ಬರ್ತೇನೆ."

ಶನಿವಾರ ನಸುಕಿನ ಸುಬಹಿ ನಮಾಝ್ ಮುಗಿಸಿ, ತಲೆಗೆ ಮಫ್ಲರ್ ಸುತ್ತಿ, ಸ್ಪ್ಯಾನರ್ ಚೀಲವನ್ನು ಸೈಕಲ್ಲಿಗೆ ನೇತುಹಾಕಿ ಅವರು ದೇರೆಬೈಲಿನ ಏರು ತುಳಿದರು. ಆ ವರ್ಷದ ಚಳಿಯೇ ಚಳಿ. ಮೂಡು ಗಾಳಿಗೆ ಕಿವಿ ಕಡಿಯುತ್ತಿತ್ತು, ಬೀದಿ ಬದಿಯಲ್ಲಿ ಜನ ತರಗೆಲೆ ಗುಡಿಸಿ ಬೆಂಕಿ ಹಾಕಿ ಚಳಿ ಕಾಯಿಸುತ್ತಿದ್ದರು. ಶೆಟ್ಟರ ಕಾರು ನಿಲ್ಲುವುದು ಅಂಗಳದ ತುದಿಯ ತೆಂಗಿನ ಮಡಲಿನ ಚಪ್ಪರದಲ್ಲಿ. ಮೂರು ಕಡೆಗೂ ಗೋಡೆಯಿಲ್ಲ. ಮೇಸ್ತ್ರಿ ಬಾನೆಟ್ ಎತ್ತಿ ಕಿವಿ ಕೊಟ್ಟು ನಿಂತರು. ಯೂಸ್ಟೇಸರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಗುಂಡಿ ಎಳೆದರು.

ಹಿಡಿಯಿತು. ಕೆಮ್ಮಿತು. ಸತ್ತಿತು.

ಮೇಸ್ತ್ರಿಗೆ ಎಂಥ ಸಂತೋಷವೆಂದರೆ ಕುಣಿಯುವುದೊಂದೇ ಬಾಕಿ. ಕಳ್ಳನನ್ನು ಕಣ್ಣಾರೆ ಕಂಡ ಪೊಲೀಸನ ಸಂತೋಷ ಅದು. ಪ್ಲಗ್ಗಿನ ವಯರು ಕಿತ್ತು ಇಂಜಿನ್ನಿನ ಬಳಿ ಹಿಡಿದರು. ನೀಲಿ ಕಿಡಿ ಚಟಚಟ ಹಾರಿತು, ಅವರ ಮೊಣಕೈಗೂ ಒಂದು ಏಟು ಕೊಟ್ಟಿತು. ಕಿಡಿ ಉಂಟು. ಪೆಟ್ರೋಲ್ ಪೈಪು ಬಿಚ್ಚಿದರು, ಪಿಚಕ್ಕನೆ ಬಂತು. ಪೆಟ್ರೋಲ್ ಉಂಟು. ಮುಂದಿನದ್ದಕ್ಕೆ ಕೈ ಹಾಕುವಷ್ಟರಲ್ಲಿ ಗುಣಪಾಲ ಶೆಟ್ಟರು ಜಗಲಿಯಿಂದ ಇಳಿದು ಬಂದರು.

"ಕಾಸಿಂ, ನನಗೆ ನಿನ್ನ ಪರೀಕ್ಷೆ ಬೇಡ ಮಾರಾಯ. ಗಂಟೆ ಆರೂವರೆ. ದೂಡು!"

ದೂಡಿದರು. ಇಳಿಜಾರಿನಲ್ಲಿ ಮೋರಿಸ್ ಕೆಮ್ಮುತ್ತ, ಮುಗ್ಗರಿಸುತ್ತ ಎದ್ದಿತು. ಕೆಳಗಿನ ತಿರುವು ಮುಟ್ಟುವ ಹೊತ್ತಿಗೆ ಅದರ ಸ್ವರ ಸರಿಯಾಗಿತ್ತು. ಮೇಸ್ತ್ರಿ ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಒಬ್ಬರೇ ಉಳಿದರು.

ಭಾನುವಾರ ಯೂಸ್ಟೇಸರಿಗೆ ಇಗರ್ಜಿಯ ಪ್ರಾರ್ಥನೆ, ಕಾರಿಗೆ ರಜೆ, ಮೇಸ್ತ್ರಿಗೆ ಮಾತ್ರ ತಲೆಬಿಸಿ. ಬೆಳಿಗ್ಗೆಯಿಂದ ಅಡುಗೆಮನೆಯ ಬಾಗಿಲಲ್ಲಿ ಅತ್ತಿತ್ತ ನಡೆದು ರುಖಿಯಾಳ ತಲೆ ತಿಂದರು. "ಇಂಜಿನ್ನಿಗೆ ಬೇಕಾದ್ದು ಮೂರೇ ಮೂರು. ಕಿಡಿ, ಪೆಟ್ರೋಲು, ಗಾಳಿ. ಎರಡು ನಾನೇ ನೋಡಿದೆ, ಉಂಟು. ಉಳಿದದ್ದು ಗಾಳಿ. ಹಿಡಿದ ಕೂಡಲೇ ಉಸಿರು ಕಟ್ಟಿ ಸಾಯ್ತದೆ ಅಂದರೆ ಗಾಳಿಯ ದಾರಿಯಲ್ಲಿ ಏನೋ ಉಂಟು. ಆದರೆ ಚಳಿಗೆ ಕಟ್ಟಿಕೊಂಡು ಬಿಸಿಲಿಗೆ ಬಿಟ್ಟುಕೊಳ್ಳುವಂಥದ್ದು ಎಂತ ಅದು? ಹೇಳು!"

ರುಖಿಯಾ ಒಲೆಯ ಮುಂದೆ ಕೂತು ತಲೆಗೆ ಹಚ್ಚಲೆಂದು ಎಣ್ಣೆ ಬಾಟಲಿಯೊಳಕ್ಕೆ ಹೇರ್‌ಪಿನ್ ಹಾಕಿ ಕೆದಕುತ್ತಿದ್ದಳು.

"ನಿಮ್ಮ ದೊಡ್ಡಕ್ಕನ ಮನಸ್ಸು," ಎಂದಳು. "ನಮ್ಮ ಮನೆಯಿಂದ ಸೀರೆ ಹೋದಾಗ ಮಾತ್ರ ಬಿಟ್ಟುಕೊಳ್ತದೆ."

"ತಮಾಷೆ ಬೇಡ. ಆ ಬಾಟಲಿ ಕೊಡು ಇತ್ತ, ಗಡ್ಡ ಒಣಗಿ ಕೆರೀತಾ ಉಂಟು."

"ಇರಿ, ಒಲೆಯ ಹತ್ತಿರ ಇಡ್ತೇನೆ. ಎಣ್ಣೆ ಇನ್ನೂ ಇಳಿಯಲಿಲ್ಲ."

ಮೇಸ್ತ್ರಿ ಎಣ್ಣೆ ಇಳಿಯುವವರೆಗೆ ಕಾದರು, ಅಂಗೈಗೆ ಸುರಿದುಕೊಂಡರು, ಗಡ್ಡಕ್ಕೆ ತಿಕ್ಕಿದರು, ಗಾಳಿ ಗಾಳಿ ಎಂದು ಗೊಣಗುತ್ತ ಹೊರಗೆ ಹೋದರು. ಮೂಗಿನ ಕೆಳಗಿದ್ದದ್ದು ಕಣ್ಣಿಗೆ ಕಾಣಲಿಲ್ಲ.

ಸೋಮವಾರ ಅವರು ಹೋಗುವಷ್ಟರಲ್ಲಿ ಹೊಸ ಡ್ರೈವರ್ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಗಟ್ಟಿಮುಟ್ಟಾದ ಆಳು, ಹೊಸ ಚಪ್ಪಲಿ. ಯೂಸ್ಟೇಸರು ಕಾರಿನ ಕೀಲಿಯನ್ನು ಬಿಳಿ ಕರ್ಚೀಫಿನಲ್ಲಿ ಕಟ್ಟಿ ಹಿಡಿದುಕೊಂಡಿದ್ದರು, ಒಪ್ಪಿಸಿಬಿಡುವುದಕ್ಕೆ. ಅದನ್ನು ಕಂಡ ಮೇಸ್ತ್ರಿ ಸೈಕಲ್ ಅಲ್ಲಿಯೇ ಬಿಟ್ಟು ನೇರ ಜಗಲಿಯ ಕಡೆಗೆ ನಡೆದರು. ಜಗಲಿಯಲ್ಲಿ ಶೆಟ್ಟರೂ ಅವರ ಹೆಂಡತಿ ಗುಲಾಬಿಯಕ್ಕನೂ ನಿಂತಿದ್ದರು.

"ಹತ್ತು ನಿಮಿಷ ಕೊಡಿ ಶೆಟ್ರೇ. ಹತ್ತೇ ನಿಮಿಷ. ಆಮೇಲೆ ನೀವು ಹೇಳಿದ ಹಾಗೆ."

"ಹತ್ತು," ಎಂದು ಶೆಟ್ಟರು ವಾಚು ನೋಡಿದರು.

ಮೇಸ್ತ್ರಿ ಕಿಡಿಯನ್ನೂ ನೋಡಲಿಲ್ಲ, ಪೆಟ್ರೋಲನ್ನೂ ನೋಡಲಿಲ್ಲ. ನೇರವಾಗಿ ಕಾರ್ಬುರೇಟರಿನ ಮೂತಿ ಬಿಚ್ಚಿ, ಗಾಳಿ ಒಳಹೋಗುವ ಬಾಯಿಗೆ ಬೆರಳು ತೂರಿಸಿದರು. ಆ ಬಾಯಿಗೆ ಅಡ್ಡಲಾಗಿ ಒಂದು ಪಿಸ್ಟನ್ ಇರುತ್ತದೆ. ಇಂಜಿನ್ ಉಸಿರೆಳೆದ ಹಾಗೆಲ್ಲ ಅದು ಮೆತ್ತಗೆ ಮೇಲೇರಿ ಗಾಳಿಗೆ ದಾರಿ ಬಿಡಬೇಕು. ಮೇಸ್ತ್ರಿ ಬೆರಳಿನಿಂದ ಎತ್ತಿದರು. ಏಳಲಿಲ್ಲ. ಒತ್ತಿ ಎತ್ತಿದರು. ಮೊಳೆ ಹೊಡೆದ ಹಾಗೆ ಕೂತಿತ್ತು.

ಪಿಸ್ಟನ್ ಮೆತ್ತಗೆ ಏರಲೆಂದು ಅದರ ನೆತ್ತಿಯ ಸಣ್ಣ ಕೊಳವೆಯೊಳಗೆ ಒಂದು ಚಮಚದಷ್ಟು ತೆಳು ಎಣ್ಣೆ, ಆ ಎಣ್ಣೆಯಲ್ಲಿ ಮುಳುಗಿದ ಒಂದು ಕಡ್ಡಿ, ಮೇಲೊಂದು ಹಿತ್ತಾಳೆಯ ಮುಚ್ಚಳ. ಮೇಸ್ತ್ರಿ ಮುಚ್ಚಳ ತಿರುಗಿಸಿ ಎಳೆದರು. ಬರಲಿಲ್ಲ. ಹಲ್ಲು ಕಚ್ಚಿ ಎಳೆದರು. ಕಡ್ಡಿಯ ಸುತ್ತ ಬೆಳ್ಳಗೆ, ಗಟ್ಟಿಯಾಗಿ, ಬೆಣ್ಣೆಯ ಹಾಗೆ ಏನೋ ಹತ್ತಿಕೊಂಡು ಬಂತು.

"ಸಿಕ್ಕಿತು!"

ಆ ಬೊಬ್ಬೆಗೆ ಮರದ ಕಾಗೆಗಳೆಲ್ಲ ಎದ್ದವು. ಶೆಟ್ಟರು ಅಂಗಳಕ್ಕೆ ಧುಮುಕಿದರು, ಗುಲಾಬಿಯಕ್ಕ ಸೆರಗು ಸಿಕ್ಕಿಸಿಕೊಂಡು ಬಂದರು, ಹೊಸ ಡ್ರೈವರೂ ಕಂಬ ಬಿಟ್ಟು ಬಂದ. "ಚಳಿಗೆ ಗಟ್ಟಿ, ಬಿಸಿಲಿಗೆ ನೀರು! ನೋಡಿ ಶೆಟ್ರೇ, ನೋಡಿ ಅಕ್ಕ! ಬೆಳಿಗ್ಗೆ ಪಿಸ್ಟನನ್ನು ಹಿಡಿದುಕೊಳ್ತದೆ, ಇಂಜಿನ್ನಿಗೆ ಉಸಿರು ಕಟ್ತದೆ. ಬಿಸಿ ಮುಟ್ಟಿದರೆ ಕರಗ್ತದೆ, ಆಮೇಲೆ ಎಂತದೂ ಇಲ್ಲ!" ಎನ್ನುತ್ತ ಮೇಸ್ತ್ರಿ ಆ ಕಡ್ಡಿಯನ್ನು ಒಬ್ಬೊಬ್ಬರ ಮೂಗಿನ ಮುಂದೆ ಹಿಡಿದರು.

ಗುಲಾಬಿಯಕ್ಕ ಮೂಸಿ ನೋಡಿದರು. "ಇದು ತೆಂಗಿನೆಣ್ಣೆ ಅಲ್ವಾ?"

ಮೇಸ್ತ್ರಿಯೂ ಮೂಸಿದರು. ತೆಂಗಿನೆಣ್ಣೆಯೇ. ತನ್ನ ಗಡ್ಡದಿಂದ ಬರುತ್ತಿದ್ದದ್ದೂ ಅದೇ ವಾಸನೆ. ದೀಪಾವಳಿಗೆ ಮೊದಲಿನ ಆ ಸರ್ವಿಸು, ಗೂಟದಿಂದ ಹಸಿರು ಬಾಟಲಿ ಇಳಿಸಿದ್ದು, ಈ ಮುಚ್ಚಳ ತೆರೆದು ಹನಿಹನಿಯಾಗಿ ತುಂಬಿದ್ದು, ಹೋದ ವಾರ ಮಧ್ಯಾಹ್ನ ಕಡಿಮೆಯಾಗಿದೆ ಎಂದು ಇನ್ನೆರಡು ಹನಿ ಬಿಟ್ಟದ್ದು, ಎಲ್ಲವೂ ಒಟ್ಟಿಗೆ ಬಂದು ಕಣ್ಣ ಮುಂದೆ ನಿಂತವು.

ಅಷ್ಟರಲ್ಲಿ ಶೆಟ್ಟರು ಯೂಸ್ಟೇಸರ ಕಡೆ ತಿರುಗಿದ್ದರು. ಅವರ ಕಣ್ಣು ಹೋದದ್ದು ಯೂಸ್ಟೇಸರ ಎಣ್ಣೆ ಹಚ್ಚಿದ ತಲೆಗೆ.

"ನೀನಾ? ಸೀಟಿಗೆ ತೆಂಗಿನೆಣ್ಣೆ, ಡ್ಯಾಶ್‌ಬೋರ್ಡಿಗೆ ತೆಂಗಿನೆಣ್ಣೆ ಅಂತ ಉಜ್ಜುವವ ನೀನು. ಇಂಜಿನ್ನಿಗೂ ಸುರಿದೆಯಾ?"

ಯೂಸ್ಟೇಸರು ಕರ್ಚೀಫಿನ ಗಂಟನ್ನು ತಿರುವಿದರು. ಮೂರು ವಾರದಿಂದ ತನ್ನ ಕೈಯನ್ನೇ ನಂಬದ ಮನುಷ್ಯ. "ಹಾಕಿದ್ದು ನೆನಪಿಲ್ಲ ಧಣಿ," ಎಂದರು ಮೆಲ್ಲಗೆ. "ಹಾಕಿರಲಿಕ್ಕೂ ಸಾಕು. ಈಗೀಗ ಎಲ್ಲ ಮರೆತು ಹೋಗ್ತದೆ."

ಮೇಸ್ತ್ರಿ ಒಂದು ಮಾತೂ ಆಡದೆ ಆ ಕಡ್ಡಿಯನ್ನು ಒರೆಸಿ ಮತ್ತೆ ಸಿಕ್ಕಿಸಿದ್ದರೆ ಸಾಕಿತ್ತು. ಮೂರು ವಾರದ ಗುಟ್ಟನ್ನು ಬಿಡಿಸಿದ ಮೇಸ್ತ್ರಿ ಎಂದು ದೇರೆಬೈಲಿನಿಂದ ಬಜಪೆಯವರೆಗೆ ಹೆಸರಾಗುತ್ತಿತ್ತು. ಯೂಸ್ಟೇಸರು ತಾವಾಗಿಯೇ ತಪ್ಪು ಒಪ್ಪಿಕೊಂಡು ಆಗಿತ್ತು. ಮೇಸ್ತ್ರಿಗೆ ಇದೆಲ್ಲ ಹೊಳೆಯಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಹೊಳೆಯಿತು, ಕಿವಿ ಬಿಸಿಯಾಗುವಷ್ಟು ಹೊಳೆಯಿತು. ಆದರೆ ಅದಕ್ಕಿಂತ ಜೋರಾಗಿ ಇನ್ನೊಂದು ಮಾತು ಗಂಟಲಿಗೆ ಬಂದು ನಿಂತಿತ್ತು.

"ಅವರಲ್ಲ! ನಾನು!" ಎಂದು ಕೂಗಿದರು. "ನಾನೇ ಹಾಕಿದ್ದು ಶೆಟ್ರೇ! ದೀಪಾವಳಿಗೆ ಮೊದಲು ಹಾಕಿದೆ. ಹೋದ ವಾರ ರಿಪೇರಿ ಅಂತ ಇನ್ನೂ ಎರಡು ಹನಿ ಹಾಕಿದೆ! ಕೊಲಂಬೊದಲ್ಲಿ ಉಸ್ತಾದರು ಇದನ್ನೇ ಹಾಕ್ತಿದ್ದದ್ದು. ಹತ್ತು ವರ್ಷ ಒಂದು ಗಾಡಿ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಗೊತ್ತುಂಟಾ? ಅಲ್ಲಿ ಚಳಿಯೇ ಇಲ್ಲ! ವರ್ಷವಿಡೀ ಎಣ್ಣೆ ನೀರಿನ ಹಾಗೆ! ನಿನ್ನೆ ನನ್ನ ಹೆಂಡತಿ ಬಾಟಲಿಯಿಂದ ಹೇರ್‌ಪಿನ್ನಲ್ಲಿ ಕೆದಕಿ ತೆಗೆದದ್ದು ಇದನ್ನೇ. ನನ್ನ ಕಣ್ಣೆದುರು! ಅಕ್ಕ, ಒಂದು ಚೆಂಬು ಬಿಸಿನೀರು ಬೇಕು. ಮತ್ತೆ ನಿಮ್ಮ ಹೊಲಿಗೆ ಮಿಷಿನಿನ ಎಣ್ಣೆ, ಬೇಗ!"

ಗುಲಾಬಿಯಕ್ಕ ಓಡಿದರು. ಮೇಸ್ತ್ರಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕಾರ್ಬುರೇಟರಿಗೆ ಸುತ್ತಿದರು, ಕರಗಿದ್ದನ್ನು ಬತ್ತಿಯಿಂದ ಹೀರಿ ತೆಗೆದರು, ಮಿಷಿನ್ ಎಣ್ಣೆ ಬಿಟ್ಟರು. ಬೆರಳಿನಿಂದ ಎತ್ತಿದರೆ ಪಿಸ್ಟನ್ ಮೆತ್ತಗೆ ಏರಿತು, ಮೆತ್ತಗೆ ಇಳಿಯಿತು. ಹೊಸ ಡ್ರೈವರ್ ಸೀಟಿನ ಕಡೆಗೆ ಎರಡು ಹೆಜ್ಜೆ ಇಟ್ಟ.

"ನೀನಲ್ಲ," ಎಂದರು ಮೇಸ್ತ್ರಿ. "ಪೊರ್ಬುಗಳೇ, ನಿಮ್ಮ ಕೈಯಲ್ಲಿ."

ಯೂಸ್ಟೇಸರು ಕರ್ಚೀಫು ಬಿಚ್ಚಿ ಕೀಲಿ ಹಾಕಿದರು. ಗುಂಡಿಯ ಮೇಲೆ ಬೆರಳಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದರು. ಎಳೆದರು.

ಮೋರಿಸ್ ಒಂದೇ ಏಟಿಗೆ ಎದ್ದಿತು. ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ, ಆ ಚಳಿಯಲ್ಲಿ ಚಪ್ಪರದ ಮಡಲು ನಡುಗುವ ಹಾಗೆ ಗುರುಗುಟ್ಟಿತು. ಯೂಸ್ಟೇಸರು ಸ್ಟೀರಿಂಗಿನ ಮೇಲಿದ್ದ ತಮ್ಮ ಕೈಯನ್ನೇ ನೋಡುತ್ತ ಅಳತೊಡಗಿದರು. ಮೇಸ್ತ್ರಿ ಮಾತ್ರ ಬಾನೆಟ್ಟಿನ ಮೇಲೆ ಕೈಬಡಿದು ನಗುತ್ತಿದ್ದರು.

ಶೆಟ್ಟರು ನಗಲಿಲ್ಲ. ಅವರು ವಾಚು ನೋಡುವುದನ್ನೂ ಮರೆತು ಮೇಸ್ತ್ರಿಯನ್ನೇ ದಿಟ್ಟಿಸಿದರು.

"ನೀನು ಹೇಳದಿದ್ದರೆ ನನಗೆ ಗೊತ್ತಾಗ್ತಿತ್ತಾ ಕಾಸಿಂ?"

"ಎಲ್ಲಿಂದ ಗೊತ್ತಾಗುವುದು?"

"ಮತ್ತೆ ಯಾಕೆ ಹೇಳಿದೆ?"

ಮೇಸ್ತ್ರಿಗೆ ಆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಸಿಕ್ಕಿತಲ್ಲ ಶೆಟ್ರೇ!" ಎಂದರು. "ಸಿಕ್ಕಿದ ಮೇಲೆ ಅರ್ಧ ಮಾತ್ರ ಹೇಳುವುದು ಹೇಗೆ?"

ಶೆಟ್ಟರು ಹೊಸ ಡ್ರೈವರಿಗೆ ಚಹಾ ಕುಡಿಸಿ ಕಳಿಸಿದರು. ಮೇಸ್ತ್ರಿಗೂ ಚಹಾ ಕೊಟ್ಟರು, ಆದರೆ ಲೋಟ ಕೆಳಗಿಡುವಾಗ, ಇನ್ನು ಮೇಲೆ ತನ್ನ ಕಾರು ಮಣ್ಣಗುಡ್ಡಕ್ಕೆ ಬರುವುದಿಲ್ಲವೆಂದು ಹೇಳಿಯೂ ಬಿಟ್ಟರು. ಮೂರು ವಾರ ಕಾರು ದೂಡಿದ ಬೆನ್ನು ಅಷ್ಟು ಬೇಗ ಮರೆಯುವುದಿಲ್ಲ. ಮೇಸ್ತ್ರಿ ತಲೆಯಾಡಿಸಿದರು. ಬಿಸಿನೀರಿನಲ್ಲಿ ಕೈ ತೊಳೆದು, ಸೈಕಲ್ ಏರಿ ದೇರೆಬೈಲಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಇಳಿದರು.

ಕಥೆಯನ್ನು ಊರಿಗೆಲ್ಲ ಹೇಳಿದವರೂ ಅವರೇ. ಸಂಜೆಯ ಒಳಗೆ ಎದುರಿನ ದಿನಸಿ ಅಂಗಡಿಯವನು "ತೆಂಗಿನೆಣ್ಣೆ ಮೇಸ್ತ್ರಿ" ಎಂದು ಹೆಸರಿಟ್ಟ. ಆ ಹೆಸರು ಅವರು ಬದುಕಿರುವವರೆಗೂ ಬಿಡಲಿಲ್ಲ. ಕೆಲವರು ಗಾಡಿ ತರುವುದನ್ನು ನಿಲ್ಲಿಸಿದರು. ಹಸಿರು ಬಾಟಲಿ ಮನೆಯ ಅಡುಗೆಮನೆಗೆ ಹೋಯಿತು; ಗೂಟ ಖಾಲಿಯಾಯಿತು. ಆ ಗೂಟವನ್ನು ನೋಡಿದಾಗಲೆಲ್ಲ ಮೇಸ್ತ್ರಿಗೆ ಒಮ್ಮೆ ನಾಚಿಕೆಯಾಗುತ್ತಿತ್ತು, ಕೂಡಲೇ ಆ ಬೆಳ್ಳಗಿನ ಕಡ್ಡಿ ನೆನಪಾಗಿ ಹುರುಪು ಬರುತ್ತಿತ್ತು.

ಶೆಟ್ಟರ ಹೋಟೆಲಿಗೆ ಹೋಗುವ ದಾರಿ ಮಣ್ಣಗುಡ್ಡದ ಮೇಲೆಯೇ ಹಾದುಹೋಗುತ್ತಿತ್ತು. ಬೆಳಿಗ್ಗೆ ಬೆಳಿಗ್ಗೆ ಹಾರ್ನ್ ಒತ್ತಿದರೆ ಶೆಟ್ಟರಿಗೆ ಆಗುತ್ತಿರಲಿಲ್ಲ, ಯೂಸ್ಟೇಸರು ಇಪ್ಪತ್ತೆರಡು ವರ್ಷ ಒತ್ತಿದವರೂ ಅಲ್ಲ. ಆದರೆ ಆ ಚಳಿಗಾಲ ಮುಗಿಯುವವರೆಗೆ, ದಿನವೂ ಏಳಕ್ಕೆ ಹತ್ತು ನಿಮಿಷ ಇರುವಾಗ, ಇನ್ನೂ ಬಾಗಿಲು ತೆರೆಯದ ಗ್ಯಾರೇಜಿನ ಮುಂದೆ ಮೋರಿಸಿನ ಹಾರ್ನ್ ಎರಡು ಸಲ ಕೇಳುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಗುಣಪಾಲ ಶೆಟ್ಟರು ಒಂದು ದಿನವೂ ಬೇಡ ಎನ್ನಲಿಲ್ಲ.